ಐಸಿನ ದೋಷ

ಹಿರಿಯೂರಿನ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ರಕ್ತ ಪರೀಕ್ಷಿಸುತ್ತಿರುವ ರೇಣುಕಾ ಯಾರನ್ನೂ ಸುಲಭಕ್ಕೆ ನಂಬುವವರಲ್ಲ, ಅದರಲ್ಲೂ ಯಲ್ಲದಕೆರೆಯಿಂದ ಬಸ್ಸಿನಲ್ಲಿ ಬರುವ ರಕ್ತವನ್ನು. ಅಲ್ಲಿ ರಕ್ತ ತೆಗೆಯುವ ಮಲ್ಲೇಶ್, ಕೆಡದಿರಲಿ ಎಂದು ಟ್ಯೂಬನ್ನು ಐಸಿನಲ್ಲಿ ಹೂತು ಕಳಿಸುತ್ತಾನೆ. ಬೇಡವೆಂದು ಹತ್ತು ಸಲ ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಕೆಂಪು ರಕ್ತಕಣದ ಪೊರೆಯಲ್ಲಿ ಪಂಪುಗಳಿವೆ. ಸೋಡಿಯಂ ಹೊರಹಾಕಿ ಪೊಟ್ಯಾಸಿಯಂ ಒಳಗೆಳೆಯುವುದು ಅವುಗಳ ಕೆಲಸ. ತೀರಾ ತಣ್ಣಗಾದರೆ ಪಂಪು ನಿಲ್ಲುತ್ತದೆ, ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ಗಟ್ಟಿಮುಟ್ಟಾದವರ ರಿಪೋರ್ಟೂ ಸಾಯುವವರದ್ದರಂತೆ ಬರುತ್ತದೆ.

ಕಳೆದ ಶ್ರಾವಣ ಮುಗಿದ ಮರುದಿನ ಯಲ್ಲದಕೆರೆಯಿಂದ ಮುರುಗೇಶಪ್ಪ ಎಂಬ ರೈತರ ರಕ್ತ ಬಂತು. ವಾಂತಿಯೆಂದು ಅಲ್ಲಿನ ಡಾಕ್ಟರು ಬರೆಸಿದ್ದ ಪರೀಕ್ಷೆ. ಡಬ್ಬಿ ಬಿಚ್ಚಿದವರು ಬೇರೆಯವರು, ಮಿಷನ್ನಿಗೆ ಹಾಕಿದವರು ರೇಣುಕಾ. ಐದರೊಳಗಿರಬೇಕಾದ ಪೊಟ್ಯಾಸಿಯಂ ಆರೂವರೆ ತೋರಿಸಿತು. ಮಲ್ಲೇಶನಿಗೆ ಮನಸಾರೆ ಬೈದು, ‘ಐಸಿನ ದೋಷ, ನಾಳೆ ಮತ್ತೆ ಕಳಿಸಿ’ ಎಂದು ಬರೆದರು.

ಸಹಿ ಹಾಕುವಾಗ, ರಕ್ತದ ಜೊತೆ ಬಂದ ಚೀಟಿಯ ಮೂಲೆಯಲ್ಲಿ ಡಿಜಾಕ್ಸಿನ್ ಎಂಬ ಹೃದಯದ ಮಾತ್ರೆಯ ಹೆಸರು ಕಣ್ಣಿಗೆ ಬಿತ್ತು. ಅಳತೆ ಮೀರಿದರೆ ಆ ಮಾತ್ರೆಯೂ ಅದೇ ಪಂಪನ್ನು ಕಟ್ಟಿಹಾಕುತ್ತದೆ, ಟ್ಯೂಬಿನಲ್ಲಲ್ಲ, ಮೈಯೊಳಗೇ. ಆಗ ಗುಂಡಿಗೆ ಯಾವ ಗಳಿಗೆಯಲ್ಲಾದರೂ ನಿಂತೀತು.

ರೇಣುಕಾ ಸಹಿಯನ್ನು ಅರ್ಧಕ್ಕೇ ನಿಲ್ಲಿಸಿ ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ಎತ್ತಿದವರು ಹೆಂಡತಿ ದ್ಯಾಮಮ್ಮ. ದಿನಕ್ಕೊಂದೇ ಮಾತ್ರೆ, ತಪ್ಪಿದ್ದೇ ಇಲ್ಲ ಎಂದರು. ಆಮೇಲೆ ತಡೆದು ಹೇಳಿದರು:

“ಶ್ರಾವಣ ಸೋಮವಾರ ಮಾತ್ರ ನುಂಗ್ಲಿಲ್ಲ ಕಣಮ್ಮ, ಉಪಾಸ ಕೆಡ್ತೈತೆ ಅಂತ. ಉಳಿದಿದ್ದನ್ನ ಬಿಸಾಕಾಕೆ ಆಗ್ತೈತಾ? ನಿನ್ನೆ ಅಷ್ಟೂ ಒಟ್ಟಿಗೆ ನುಂಗಿದ್ರು.”

ಅಷ್ಟೂ ಎಂದರೆ ನಾಲ್ಕು ಸೋಮವಾರದ್ದೂ ಆ ದಿನದ್ದೂ ಸೇರಿ ಐದು.

“ಸ್ನಾನ ಊಟ ಅಂತ ನಿಲ್ಲಬ್ಯಾಡ್ರಿ. ಈಗಲೇ ದುರ್ಗಕ್ಕೆ ಕರ್ಕಂಡು ಹೋಗ್ರಿ,” ಎಂದರು ರೇಣುಕಾ.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ಮುರುಗೇಶಪ್ಪ ಉಳಿದರು. ಊರಿನವರು ಅದನ್ನು ಉಪವಾಸದ ಫಲ ಎಂದರು.

ರಕ್ತ ಬಂದ ದಿನ ಸಂಜೆಯೇ ಮಲ್ಲೇಶನ ಫೋನ್ ಬಂದಿತ್ತು. ಅಕ್ಕಾ, ನಿಮ್ಮ ಮಾತು ಕೇಳಿ ಈ ಸಲ ಐಸ್ ಹಾಕಿಲ್ಲ, ರಕ್ತ ಸರಿಯಾಗಿತ್ತಾ ಎಂದು ವಿಚಾರಿಸಿದನಂತೆ. ಇದನ್ನು ರೇಣುಕಾ ಅವರೇ ನನಗೆ ಹೇಳಿದ್ದು, ನಾಚಿಕೆಯಿಂದ ತಲೆ ತಗ್ಗಿಸಿಕೊಂಡು. ಅರ್ಧ ಸಹಿಯಾದ ಆ ಕಾಗದವನ್ನು ಅವರಿನ್ನೂ ಹರಿದಿಲ್ಲ.