ದೊಡ್ಡಮ್ಮ ಸೈಕಲ್ ಕೊಂಡದ್ದು

ಇನ್ನೂ ಬೆಳಕು ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯಲ್ಲಿ ಬಟ್ಟೆ ಒಗೆಯುವ ಕೋಣೆ. ಹಬೆಯ ನಡುವೆ ನಿಂತು ದೊಡ್ಡಮ್ಮ ಆಪರೇಶನ್ ಕೋಣೆಯ ಹಸಿರು ಬಟ್ಟೆಗಳನ್ನು ಕೊಡವಿ ಮಡಚುತ್ತಿದ್ದಾರೆ. ತಲೆಯ ಮೇಲೆ ಹಳದಿ ಹೆಲ್ಮೆಟ್ ಹಾಗೇ ಇದೆ. ತೆಗೆಯಲು ಮರೆತಿದ್ದಾರೆ, ಮರೆತದ್ದು ಇವತ್ತೇ ಮೊದಲಲ್ಲ. "ಬೆಚ್ಚಗಿರುತ್ತೆ ಬಿಡಿ," ಎನ್ನುತ್ತಾರೆ.

ವೈದ್ಯರಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರಿಗೂ ಅವರು ದೊಡ್ಡಮ್ಮನೇ. ದಿನಕ್ಕೆ ನಾನ್ನೂರರಷ್ಟು ಬಟ್ಟೆ ಅವರ ಕೈ ದಾಟುತ್ತದೆ. ಬೆಳಗಿನ ಮೊದಲ ಶಸ್ತ್ರಚಿಕಿತ್ಸೆಗೆ ಬಟ್ಟೆ ಹೋಗುವುದೂ ಅವರ ಕೈಯಿಂದಲೇ. ಅವರು ಯಾರೆಂದು ರೋಗಿಗಳಿಗೆ ಗೊತ್ತಿಲ್ಲ. ಪಾಪ, ಗೊತ್ತಾಗಬೇಕಾದ ಹೊತ್ತಿಗೆ ರೋಗಿಗಳು ಅರಿವಳಿಕೆಯ ಮಂಪರಿನಲ್ಲಿರುತ್ತಾರೆ.

ಕಳೆದ ವರ್ಷ ನಸುಕಿನ ಬಸ್ಸಿನ ಓಡಾಟವೇ ನಿಂತುಹೋಯಿತು. ದೊಡ್ಡಮ್ಮ ನಡೆದೇ ಬಂದರು. ತಡವಾಗಿ, ಏದುಸಿರು ಬಿಡುತ್ತಾ ಕೋಣೆಯ ಬೀಗ ತೆಗೆಯುವಷ್ಟರಲ್ಲಿ ಮೇಲಿನ ಮಹಡಿಯಲ್ಲಿ ರೋಗಿಯೊಬ್ಬ ಹೊಟ್ಟೆ ಹಿಡಿದುಕೊಂಡು ಕಾಯುತ್ತಿದ್ದ. ಎರಡನೇ ಸಲವೂ ಹೀಗೇ ಆದಾಗ ಮೇಲ್ವಿಚಾರಕಿ ಕರೆದು, ವಯಸ್ಸಾಯಿತಲ್ಲ, ಮಧ್ಯಾಹ್ನದ ಪಾಳಿಗೆ ಬಂದು ಕಿಟಕಿ ಪರದೆಗಳ ಒಗೆತ ನೋಡಿಕೊಳ್ಳಿ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ದೊಡ್ಡಮ್ಮ ಮಾತ್ರ ಒಪ್ಪಲಿಲ್ಲ. "ಪರದೆ ಕೊಳೆಯಾದ್ರೆ ಯಾರ ಪ್ರಾಣಾನೂ ಹೋಗಲ್ಲ. ಅದು ನನ್ನ ಕೆಲ್ಸ ಅಲ್ಲ," ಎಂದವರೇ ಮನೆಯಲ್ಲಿ ಸೈಕಲ್ಲಿನ ಮಾತೆತ್ತಿದರು. ಚಿಕ್ಕಂದಿನಲ್ಲಿ ಅಣ್ಣನ ಸೈಕಲ್ ಕದ್ದು ಓಡಿಸಿದ್ದಷ್ಟೇ ಅವರ ಅನುಭವ.

ಯಜಮಾನರು ದರ್ಜಿ. ಜನ್ಮದಲ್ಲಿ ಸೈಕಲ್ ಹತ್ತಿದವರಲ್ಲ; ಹಾಗಾಗಿ ಸಲಹೆಗೆ ಬರವಿರಲಿಲ್ಲ. ಮೂಟೆ ಹೇರಿದರೂ ಅಲುಗದಂಥ ಭಾರದ ಗಾಡಿಯೇ ಆಗಬೇಕೆಂದು ಹಟ ಹಿಡಿದರು. ಅಳಿಯನದು ಇನ್ನೊಂದು ತುದಿ. ಅಂಗಡಿಗೆ ಕರೆದೊಯ್ದು ಓಟದ ಸೈಕಲ್ ಆರಿಸಿದ: ಗರಿಯಷ್ಟು ಹಗುರ, ಎಣಿಸಿ ಮುಗಿಯದಷ್ಟು ಗೇರು, ಅಂಗೈ ಅಗಲವೂ ಇಲ್ಲದ ಸೀಟು. ಅದರ ಮೇಲೆ ಬಗ್ಗಿ ಕೂತ ದೊಡ್ಡಮ್ಮ ಬಿದ್ದ ಸೂಜಿ ಹುಡುಕುವವರಂತೆ ಕಂಡರು. ಅಭ್ಯಾಸವಾಗುತ್ತದೆ ಎಂದ ಅಂಗಡಿಯವನು.

"ಅಭ್ಯಾಸ ಆಗೋಷ್ಟ್ರಲ್ಲಿ ನನ್ನ ಸೊಂಟ ಇಲ್ಲೇ ಉಳ್ಕೊಳ್ಳುತ್ತಪ್ಪ," ಎಂದು ದೊಡ್ಡಮ್ಮ ಇಳಿದುಬಿಟ್ಟರು.

ಆಮೇಲೆ ತಾವೇ ಅಂಗಡಿಯ ಮೂಲೆ ಮೂಲೆ ಸುತ್ತಿದರು. ನಡುಕಂಬಿ ತಗ್ಗಿರುವ, ಕೂತರೆ ಕಾಲು ನೆಲಕ್ಕೆ ಎಟಕುವ ಸೈಕಲ್ ಸಿಕ್ಕಿತು. ಅಗಲ ಸೀಟು, ಚೈನಿಗೆ ಕವರು, ಕೆಸರು ಸಿಡಿಯದಂತೆ ಮಡ್‌ಗಾರ್ಡು, ಹಿಂದೆ ಮುಂದೆ ದೀಪ. ಗೇರು ಮೂರೇ ಸಾಕೆಂದರು: ಒಂದು ಏರಿಗೆ, ಒಂದು ಸಮತಟ್ಟಿಗೆ, ಇನ್ನೊಂದು ನಾಯಿ ಬೆನ್ನಟ್ಟಿದರೆ. ಹೆಲ್ಮೆಟ್ ಮಾತ್ರ ತುರುಬಿನ ಮೇಲೆ ಮಡಕೆ ಕವುಚಿದಂತೆ ಕೂತಿತು. ತುರುಬು ಬಿಚ್ಚಿ ಜಡೆ ಹೆಣೆದುಕೊಂಡರು. ಮಗಳು ನಕ್ಕಳು. ಯಜಮಾನರು ನಗಲಿಲ್ಲ, ಒಂದೆರಡು ಸಲ ಕದ್ದು ನೋಡಿದರು. ಆಮೇಲೆ ಸಲಹೆ ಕೊಡುವುದು ಬಿಟ್ಟು, ದೊಡ್ಡಮ್ಮನ ನಿಲುವಂಗಿಯ ಅಂಚು ಚೈನಿಗೆ ಸಿಗದಂತೆ ಎಲಾಸ್ಟಿಕ್ ಹೊಲಿದು, ಬೆನ್ನಿಗೆ ಮಿನುಗುವ ಪಟ್ಟಿ ಹಚ್ಚಿಕೊಟ್ಟರು.

ಮೊದಲ ದಿನ ಆಸ್ಪತ್ರೆಯ ಗೇಟು ದಾಟಿದ ಸಂತೋಷದಲ್ಲಿ ದೊಡ್ಡಮ್ಮನಿಗೆ ಬ್ರೇಕಿನ ನೆನಪೇ ಆಗಲಿಲ್ಲ. ಸೀದಾ ಹೋಗಿ ಒಗೆಯುವ ಕೋಣೆಯ ಬಾಗಿಲಲ್ಲಿದ್ದ ಕೊಳೆ ಬಟ್ಟೆಯ ಮೂಟೆಗಳ ಮೇಲೆ ಬಿದ್ದರು. ಮೇಲ್ವಿಚಾರಕಿ ಎದ್ದೆನೋ ಬಿದ್ದೆನೋ ಎಂದು ಓಡಿಬಂದರು. ದೊಡ್ಡಮ್ಮ ಮಲಗಿದ್ದಲ್ಲಿಂದಲೇ ಗೋಡೆ ಗಡಿಯಾರದತ್ತ ಬೆರಳು ತೋರಿಸಿದರಂತೆ. ಪಾಳಿ ಶುರುವಾಗಲು ಇನ್ನೂ ಹೊತ್ತಿತ್ತು. ಪರದೆಯ ಮಾತು ಅಲ್ಲಿಗೇ ಮುಗಿಯಿತು.

ಈಗ ಸೈಕಲ್ ಕೊಳ್ಳುವ ದಾದಿಯರು ದೊಡ್ಡಮ್ಮನನ್ನು ಒಂದು ಮಾತು ಕೇಳಿಯೇ ಅಂಗಡಿಗೆ ಹೋಗುತ್ತಾರೆ. "ಮೊದ್ಲು ಕೂತು ನೋಡಿ, ಆಮೇಲೆ ಬಣ್ಣ ನೋಡಿ" ಎನ್ನುವುದು ಅವರ ಉಪದೇಶ.

ಅವರಿಗೆ ಒಂದೇ ಒಂದು ಆಸೆ ಉಳಿದಿದೆ. ಮಡಚಿದ ಬಟ್ಟೆಯನ್ನು ತಳ್ಳುಗಾಡಿಗೆ ಏರಿಸುತ್ತಾ ದನಿ ತಗ್ಗಿಸುತ್ತಾರೆ: "ಇಳಿಜಾರಲ್ಲಿ ಒಂದ್ಸಲ ಎರಡೂ ಕೈ ಬಿಟ್ಟು ಬರ್ಬೇಕು. ರಸ್ತೇಲಿ ಯಾರೂ ಇರ್ಬಾರ್ದು."

ಗಾಡಿ ತಳ್ಳಿಕೊಂಡು ಬಾಗಿಲವರೆಗೆ ಹೋದವರು ತಿರುಗಿ ನೋಡುತ್ತಾರೆ.

"ಒಬ್ರು ಇದ್ರೆ ಪರ್ವಾಗಿಲ್ಲ. ಆಮೇಲೆ ಸಾಕ್ಷಿ ಹೇಳೋಕೆ ಯಾರಾದ್ರೂ ಬೇಕಲ್ಲ."