ಚರ್ಮದ ಕೋಟಿನ ಗೃಹಪ್ರವೇಶ

ಇಂಡಿಯಂಥ ಊರಲ್ಲಿ ಉದ್ದನೆಯ ಚರ್ಮದ ಕೋಟನ್ನು ದಿನಬಳಕೆಗೆ ಹೇಗೆ ಹಾಕಿಕೊಳ್ಳಬೇಕು ಎಂದು ನನ್ನನ್ನು ಯಾರೂ ಕೇಳಿಲ್ಲ. ಕೇಳದಿದ್ದರೂ ಹೇಳುವ ಹಕ್ಕು ನನಗಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕುಗಳಲ್ಲಿ ಅಂಥ ಕೋಟು ತೊಟ್ಟು ತಿರುಗಿದವನು ನನಗೆ ತಿಳಿದಮಟ್ಟಿಗೆ ನಾನೊಬ್ಬನೇ. ಎರಡನೆಯವನು ಇದ್ದರೆ ಮುಂದೆ ಬರಲಿ, ಮಾತಾಡೋಣ.

ನಾನು ದನಗಳ ಆಸ್ಪತ್ರೆಯಲ್ಲಿ ಪರೀಕ್ಷಕ. ಊರವರು ಡಾಕ್ಟರ್ ಎನ್ನುತ್ತಾರೆ. ಮೊದಮೊದಲು ತಿದ್ದುತ್ತಿದ್ದೆ, ಈಗ ಬಿಟ್ಟಿದ್ದೇನೆ; ಎಮ್ಮೆಗೆ ಹೊಟ್ಟೆ ಉಬ್ಬಿದಾಗ ನನ್ನ ಹುದ್ದೆಯ ಹೆಸರು ಯಾರಿಗೂ ಬೇಕಿರುವುದಿಲ್ಲ. ಚಳಿಗಾಲದಲ್ಲಿ ಬೆಳಿಗ್ಗೆ ಆರಕ್ಕೇ ಬೈಕು ತೆಗೆದು ಹಳ್ಳಿಗಳಿಗೆ ಹೊರಡಬೇಕು. ಈ ಸೀಮೆಯ ಬಿಸಿಲಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಥಂಡಿಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಅಗರಖೇಡದ ದಾರಿಯಲ್ಲಿ ಜನವರಿಯ ಬೆಳಿಗ್ಗೆ ಭೀಮೆಯ ಕಡೆಯಿಂದ ಬೀಸುವ ಗಾಳಿ ಎರಡು ಸ್ವೆಟರುಗಳನ್ನೂ ದಾಟಿ ಬರುತ್ತದೆ. ಕೋಟು ಕೊಂಡದ್ದು ಅದಕ್ಕೇ ಎಂದು ಮನೆಯಲ್ಲಿ ಹೇಳಿದ್ದೆ.

ನಿಜ ಬೇರೆ. ಸೋದರತ್ತೆಯ ಮಗಳ ಮದುವೆಗೆ ಸೀರೆ ತರಲು ಎಲ್ಲರೂ ಸೋಲಾಪುರಕ್ಕೆ ಹೋಗಿದ್ದೆವು. ಹೆಂಗಸರು ಅಂಗಡಿಯ ಗಾದಿಯ ಮೇಲೆ ಕುಳಿತು ನಾಲ್ಕು ತಾಸಾದರೂ ಏಳಲಿಲ್ಲ. ನಾನು ಸಿಟ್ಟಿನಲ್ಲಿ ಹೊರಬಿದ್ದು ಹಳೇ ಬಟ್ಟೆ ಮಾರುವ ಗಲ್ಲಿಯೊಂದನ್ನು ಹೊಕ್ಕೆ. ಅಲ್ಲಿ ರಾಶಿಯ ಮೇಲೆ ಈ ಕೋಟು ಮಲಗಿತ್ತು. ಕಪ್ಪು ಬಣ್ಣ, ಅಗಲ ಕಾಲರು, ನನ್ನ ಕಾಲಿನ ಹರಡಿನ ತನಕ ಉದ್ದ. ನಾನು ಐದಡಿ ಮೂರಿಂಚಿನ ಆಸಾಮಿ. ಅಳತೆ ಕೊಟ್ಟು ಹೊಲಿಸಿದಂತಿದೆ ಎಂದು ಅಂಗಡಿಯವನು ಹೇಳಿದ. ಅಂಗಡಿಯವರ ಮಾತನ್ನು ನಾನು ಎಂದೂ ನಂಬಿದವನಲ್ಲ, ಅವತ್ತು ನಂಬಿದೆ. ಎದುರಿನ ಔಷಧಿ ಅಂಗಡಿಯ ಗಾಜಿನಲ್ಲಿ ಒಬ್ಬ ಎತ್ತರದ ಮನುಷ್ಯ ನಿಂತಿದ್ದ, ಅವನು ನಾನೇ ಆಗಿದ್ದೆ. ನಲವತ್ತಾರನೇ ವಯಸ್ಸಿನಲ್ಲಿ ಇಂಥದ್ದು ಸಿಕ್ಕರೆ ಬಿಟ್ಟು ಬರಲಾಗುವುದಿಲ್ಲ.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ಏನು ಎಂದಳು, ಕೋಟು ಎಂದೆ. ಯಾವುದರದ್ದು ಎಂದಳು, ಚರ್ಮದ್ದು ಎಂದೆ. ಅವಳು ದನಿ ಏರಿಸಲಿಲ್ಲ.

"ಹಂಗಾರ ಚಪ್ಪಲಿ ಎಲ್ಲಿ ಬಿಡ್ತಿ, ಅಲ್ಲೇ ಬಿಡು."

ನಮ್ಮ ಮನೆಯಲ್ಲಿ ಚರ್ಮ ಹೊಸ್ತಿಲು ದಾಟುವುದಿಲ್ಲ. ಅವ್ವ ದಿನಕ್ಕೆರಡು ಸಲ ಲಿಂಗಪೂಜೆ ಮಾಡುವವಳು. ನನ್ನ ಪಾಕೀಟು ರೆಗ್ಜಿನ್ನಿನದು, ಗಡಿಯಾರದ ಪಟ್ಟಿ ಸ್ಟೀಲಿನದು. ಬೆಲ್ಟನ್ನು ಕಟ್ಟೆಯ ಮೇಲೆಯೇ ಬಿಚ್ಚಿ, ಒಂದು ಕೈಯಿಂದ ಪ್ಯಾಂಟು ಹಿಡಿದುಕೊಂಡು ಒಳಗೆ ಹೋಗುವುದು ನನಗೆ ಚಿಕ್ಕಂದಿನಿಂದ ರೂಢಿ. ಇದರಲ್ಲಿ ಸಿಟ್ಟು, ದ್ವೇಷ ಏನೂ ಇಲ್ಲ, ಮನೆಯ ವ್ಯವಸ್ಥೆ ಅಷ್ಟೆ. ಹೆಂಡತಿಯಾದರೂ ನನ್ನ ಪರ ಮಾತಾಡಬಹುದು ಎಂದುಕೊಂಡೆ. ಅವಳು ಕೋಟನ್ನು ಒಮ್ಮೆ ಮೂಸಿ, ಅತ್ತೆ ಹೇಳುವುದರಲ್ಲಿ ಅರ್ಥವಿದೆ ಎಂದಳು. ಮದುವೆಯಾದಾಗಿನಿಂದ ಅತ್ತೆ ಸೊಸೆ ಒಂದಾದದ್ದನ್ನು ನಾನು ಕಂಡದ್ದು ಅದೇ ಮೊದಲು.

ಹೀಗೆ ಕೋಟು ಕಟ್ಟೆಯ ಮೇಲೆ, ಚಪ್ಪಲಿಗಳ ನೆತ್ತಿಗೆ, ಒಂದು ಮೊಳೆಗೆ ನೇತುಬಿತ್ತು. ನಮ್ಮ ಕಟ್ಟೆಗೆ ಬೆಳಿಗ್ಗೆ ಹತ್ತಕ್ಕೆ ಬಂದ ಬಿಸಿಲು ಸಂಜೆ ನಾಲ್ಕರ ತನಕ ಕದಲುವುದಿಲ್ಲ. ಹದಿನೈದೇ ದಿನಕ್ಕೆ ಎಡಹೆಗಲ ಮೇಲೆ ಅಂಗೈಯಗಲ ಬಣ್ಣ ಹಾರಿ, ಮುಟ್ಟಿದರೆ ಹಪ್ಪಳದಂತೆ ಗಟ್ಟಿಯಾಯಿತು. ಓಣಿಯ ನಾಯಿ ಕೋಟಿನ ತುದಿಯನ್ನು ಎಳೆದು ಹಾಸಿಗೆ ಮಾಡಿಕೊಂಡಿತು. ಬೇಸಿಗೆಯೊಳಗೆ ಇದು ಮನೆಯ ಒಳಗೆ ಹೋಗದಿದ್ದರೆ ಏಪ್ರಿಲ್ ಮುಗಿಯುವಾಗ ನನ್ನ ಕೈಯಲ್ಲಿ ಕಾಲರು ಮಾತ್ರ ಉಳಿಯುತ್ತದೆ ಎಂದು ನನಗೆ ಖಾತ್ರಿಯಾಯಿತು. ಅವ್ವನಿಗೆ ಹೇಳಿದೆ. ಗೊಬ್ಬರದ ಚೀಲ ಹೊದಿಸು ಎಂದಳು. ಹೊದಿಸಿದೆ. ಮರುದಿನ ಮುಂಜಾನೆ ಹಾಲಿನವನು ಅದಕ್ಕೆ ನಮಸ್ಕಾರ ಮಾಡಿ ಹೋದ.

ಇಷ್ಟರ ನಡುವೆ ನಾನು ಅದನ್ನು ದಿನಾ ಹಾಕಿಕೊಳ್ಳುತ್ತಿದ್ದೆ. ಹಟ ಎಂದರೆ ಹಟ. ಮೊದಮೊದಲು ಒಳಗೆ ಸ್ವೆಟರು, ಕೊರಳಿಗೆ ಮಫ್ಲರು, ಅದರ ಮೇಲೆ ಟಾವೆಲು, ಕೋಟಿನ ಗುಂಡಿಗಳೆಲ್ಲ ಹಾಕಿ ಹೊರಡುತ್ತಿದ್ದೆ. ಜೇಬುಗಳಲ್ಲಿ ಸಿರಿಂಜು, ಮೂಗುದಾರ, ಮುಲಾಮು. ಈ ಕಡೆ ದನ ನೋಡಲು ಹೋದರೆ ತೋಟದವರು ಒಂದಿಷ್ಟು ಲಿಂಬೆಹಣ್ಣು ಕೊಡದೆ ಕಳಿಸುವುದಿಲ್ಲ, ಅವೂ ಜೇಬಿಗೇ. ಬೈಕಿನ ಮೇಲೆ ಕುಳಿತರೆ ಕೋಟಿನ ಹಿಂಭಾಗ ಸೈಲೆನ್ಸರಿಗೆ ತಾಗಿ ಸುಟ್ಟ ವಾಸನೆ ಬರುತ್ತಿತ್ತು. ಅಗರಖೇಡದಲ್ಲಿ ಒಂದು ಎಮ್ಮೆ ನನ್ನನ್ನು ನೋಡಿದ ಕೂಡಲೇ ಗೂಟ ಕಿತ್ತುಕೊಂಡು ನದಿಗಿಳಿಯಿತು. ಅದನ್ನು ಹೊಡೆದುಕೊಂಡು ಬರಲು ಒಂದು ತಾಸು ಹಿಡಿಯಿತು. ಬಂದ ಮೇಲೆ ಅದರ ಮಾಲೀಕರು ಬಹಳ ಮರ್ಯಾದೆಯಿಂದ, ಆ ಕೋಟೊಂದನ್ನು ತೆಗೆದಿಟ್ಟು ನೋಡಿ ಎಂದು ಕೇಳಿಕೊಂಡರು. ತೆಗೆದಿಟ್ಟೆ, ಎಮ್ಮೆ ಸುಮ್ಮನೆ ನಿಂತಿತು. ಅಂದಿನಿಂದ ದನದಿಂದ ಹತ್ತು ಹೆಜ್ಜೆ ದೂರದಲ್ಲಿ ಕೋಟು ಕಳಚುವುದು ಎಂದು ನಿಯಮ ಮಾಡಿಕೊಂಡೆ.

ಲಸಿಕೆ ಹಾಕುವ ಕಾಲದಲ್ಲಿ ನಮ್ಮನ್ನು ಅಕ್ಕಪಕ್ಕದ ತಾಲೂಕುಗಳಿಗೂ ಕಳಿಸುತ್ತಾರೆ. ಸಿಂದಗಿಯಲ್ಲಿ ಚಹಾದಂಗಡಿಯವನು ನಾನು ಬಂದದ್ದು ಕಂಡು ಬೆಂಚು ಒರೆಸಿ, ಗ್ಯಾಸಿನ ಸಿಲಿಂಡರಿಗೆ ಗೋಣಿಚೀಲ ಮುಚ್ಚಿದ. ತಪಾಸಣೆಗೆ ಬಂದ ಯಾವನೋ ಎಂದುಕೊಂಡಿರಬೇಕು. ತಾಳಿಕೋಟೆಯಿಂದ ಮುದ್ದೇಬಿಹಾಳಕ್ಕೆ ಹೋಗುವ ಬಸ್ಸಿನಲ್ಲಿ ಮೂರು ಜನರ ಸೀಟಿಗೆ ನಾನು ಮತ್ತು ಕೋಟು ಇಬ್ಬರೇ ಆದೆವು. ಬಸವನ ಬಾಗೇವಾಡಿಯಲ್ಲಿ ಒಬ್ಬ ಮುದುಕಿ ನನ್ನ ಹಣೆ ಮುಟ್ಟಿ ನೋಡಿ, ಜ್ವರ ಇಲ್ಲ ಎಂದು ತನ್ನ ಜೊತೆಯವರಿಗೆ ತಿಳಿಸಿದಳು. ಯಾರೂ ನನ್ನನ್ನು ಎತ್ತರದವನೆಂದು ಹೇಳಲಿಲ್ಲ.

ಉದ್ದ ಕಡಿಮೆ ಮಾಡಿಸೋಣವೆಂದು ದರ್ಜಿಯ ಬಳಿ ಹೋದೆ. ಸೂಜಿ ಮುರಿಯುತ್ತದೆ ಎಂದ. ನಾನೇ ಸೂಜಿ ತಂದುಕೊಡುತ್ತೇನೆ ಎಂದರೆ, ದಿನಾ ಊದಿನಕಡ್ಡಿ ಹಚ್ಚುವ ಮಷಿನ್ನಿನ ಮೇಲೆ ಚರ್ಮ ಇಡುವುದಿಲ್ಲ ಎಂದ. ಬಸ್‌ಸ್ಟ್ಯಾಂಡಿನ ಗೋಡೆಗೆ ತಾಡಪತ್ರಿ ಕಟ್ಟಿಕೊಂಡು ಚಪ್ಪಲಿ ಹೊಲಿಯುವವರ ಕಡೆ ಕೈ ತೋರಿಸಿದ.

ಅವರಿಗೆ ಅರವತ್ತೈದರ ಮೇಲಿರಬಹುದು. ನನ್ನ ಚಪ್ಪಲಿಯಲ್ಲಿ ಹೆಬ್ಬೆರಳು ತೂರಿಸುವ ಉಂಗುಷ್ಟವನ್ನು ಎಷ್ಟೋ ಸಲ ಹೊಲಿದುಕೊಟ್ಟಿದ್ದರು. ಮುಖ ಪರಿಚಯ ಎಂದರೆ ಸುಳ್ಳಾದೀತು, ಅವರಿಗೆ ನನ್ನ ಪಾದದ ಪರಿಚಯ, ನನಗೆ ಅವರ ಕೈಯ ಪರಿಚಯ. ಕೋಟನ್ನು ತೊಡೆಯ ಮೇಲೆ ಹರಡಿಕೊಂಡು, ಹೆಬ್ಬೆರಳಿನಿಂದ ಒತ್ತಿ, ಮೂಸಿ, ಕುರಿಯ ಚರ್ಮ, ಹದ ಚೆನ್ನಾಗಿದೆ, ಇಟ್ಟವರು ಸರಿಯಿಲ್ಲ ಎಂದರು. ಇಟ್ಟವನು ನಾನೇ ಎಂದೆ. ಗೊತ್ತು ಎನ್ನುವಂತೆ ತಲೆಯಾಡಿಸಿದರು. ಇಷ್ಟು ವರ್ಷ ಕಾಲಿಗೆ ಹಾಕುವುದನ್ನೇ ಹೊಲಿದಿದ್ದೇನೆ, ಮೈಮೇಲೆ ಹಾಕುವುದನ್ನು ಹೊಲಿಯುವುದು ಇದೇ ಮೊದಲು, ಎಂಟು ದಿನ ಬೇಕು ಎಂದರು.

ಎಂಟು ದಿನವೂ ನನ್ನನ್ನು ಕರೆಸಿ ರಸ್ತೆಯ ಮೇಲೆ ನಡೆಸಿದರು. ಬಸ್ಸಿಗೆ ಕಾದವರೆಲ್ಲ ನೋಡುತ್ತಿದ್ದರು. ಕೋಟನ್ನು ಮೊಣಕಾಲಿನ ಸ್ವಲ್ಪ ಕೆಳಗೆ ಕತ್ತರಿಸಿದರು. ಬೈಕಿನ ಮೇಲೆ ಕೂರಲು ಹಿಂದೆ ಸೀಳು ಬಿಟ್ಟು, ಆ ಸೀಳಿನ ಬಾಯಿಗೆ ಇನ್ನೊಂದು ಪಟ್ಟಿ ಕೊಟ್ಟು ಹೊಲಿದರು. ಬಿಸಿಲು ತಿಂದ ಹೆಗಲಿಗೆ ಎಣ್ಣೆ ತಿಕ್ಕಿ ತಿಕ್ಕಿ ಮೆತ್ತಗೆ ಮಾಡಿದರು. ಜೇಬು ಖಾಲಿ ಇಡಲು ಹೇಳಿದರು. ಮಫ್ಲರು, ಟಾವೆಲು ತೆಗೆಸಿ, ಒಳಗೆ ತೆಳ್ಳನೆಯ ಬಿಳಿ ಅಂಗಿ ಸಾಕು ಎಂದರು. ಕೊನೆಗೆ ಗುಂಡಿಗೆ ಬಂದರು.

"ಎಲ್ಲಾ ಗುಂಡಿ ಹಾಕಬ್ಯಾಡ್ರಿ. ಹಾಕಿದ್ರ ಕೋಟ್ ನಡದಂಗ ಕಾಣ್ತೈತಿ, ಮನಷ್ಯಾ ನಡದಂಗ ಕಾಣಂಗಿಲ್ಲ."

ದಿನಬಳಕೆಗೆ ಚರ್ಮದ ಕೋಟು ತೊಡುವ ಬಗ್ಗೆ ನನಗೆ ಗೊತ್ತಿರುವುದೆಲ್ಲ ಇಷ್ಟೇ, ಇದರಲ್ಲಿ ನನ್ನ ಸ್ವಂತದ್ದು ಆ ಹತ್ತು ಹೆಜ್ಜೆಯ ನಿಯಮ ಮಾತ್ರ. ಆ ದಿನ ಬಸ್‌ಸ್ಟ್ಯಾಂಡಿನ ಹೋಟೆಲಿನ ಕನ್ನಡಿಯಲ್ಲಿ ನೋಡಿಕೊಂಡೆ. ಎತ್ತರದವನಾಗಿ ಕಾಣಲಿಲ್ಲ. ಆದರೆ ಐದಡಿ ಮೂರಿಂಚು ಸಾಕಷ್ಟಾಯಿತು ಎನ್ನಿಸಿತು, ಮತ್ತು ಅದು ಬಹಳ ಸಂತೋಷದ ಸಂಗತಿಯಾಗಿತ್ತು.

ಕೋಟನ್ನು ಮಡಚಿ ಕೊಡುವಾಗ, ಎಲ್ಲಿ ಇಡುತ್ತೀರಿ ಎಂದು ಕೇಳಿದರು. ಕಟ್ಟೆಯ ಮೇಲೆ ಎಂದೆ. ಮತ್ತೆ ಬಿಸಿಲಿಗೆ ಇಟ್ಟರೆ ಈ ಸಲ ತಮ್ಮಿಂದಲೂ ಆಗುವುದಿಲ್ಲ, ಒಳಗೆ ಇಡಲೇಬೇಕು ಎಂದರು. ನಾನು ಅವ್ವನ ವಿಷಯ ಹೇಳಿದೆ. ಅವರು ಕೈಯಲ್ಲಿದ್ದ ದಾರಕ್ಕೆ ಎರಡು ಸಲ ಮೇಣ ಸವರಿದರು.

"ನಿಮ್ಮ ಓಣಿ ಗುಡಿ ತಬಲಾ ಹ್ವಾದ ಶ್ರಾವಣದಾಗ ನಾನ ಬಿಗದು ಕೊಟ್ಟೇನ್ರಿ. ಅದೂ ಚರ್ಮದ್ದ ಐತಿ. ಹೊರಗ ಕುಂತು ಬಿಗದೆ, ತಬಲಾ ಒಳಗ ಹೋತು."

ನಾನು ಕುಣಿಯುವುದೊಂದು ಬಾಕಿ. ಎರಡು ತಿಂಗಳು ತಲೆ ಕೆರೆದುಕೊಂಡರೂ ನನಗೆ ಹೊಳೆಯದ ಮಾತು. ಸೋಮವಾರ ಅವ್ವ ಭಜನೆ ಮುಗಿಸಿ ಬರುವುದನ್ನೇ ಕಾದು, ಕಟ್ಟೆಯ ಮೇಲೆ ಕೂರಿಸಿಕೊಂಡು ಕೇಳಿದೆ. ತಬಲಾಕ್ಕೆ ಏನು ಹೊದಿಸಿರುತ್ತಾರೆ? ಚರ್ಮ. ಅದು ಎಲ್ಲಿರುತ್ತದೆ? ಗುಡಿಯಲ್ಲಿ, ದೇವರ ಎದುರಿಗೆ. ಹಾಗಿದ್ದರೆ ನಮ್ಮ ಮನೆ ಗುಡಿಗಿಂತ ಹೆಚ್ಚೇ? ಅವ್ವ ಎದ್ದು ಒಳಗೆ ಹೋದಳು. ಎರಡು ದಿನ ಅದನ್ನೇ ಯೋಚಿಸಿದಳು. ಮೂರನೇ ದಿನ ಪೂಜೆಗೆಂದು ಮನೆಗೆ ಬಂದ ಅಯ್ಯನವರನ್ನು ಕೇಳಿದಳು. ಅವರು ತಬಲಾದ ಬಗ್ಗೆ ಹಿಂದೆಂದೂ ಯೋಚಿಸಿದವರಂತೆ ಕಾಣಲಿಲ್ಲ, ಆದರೂ ಅಡ್ಡಿಯಿಲ್ಲ ಎಂದರು. ಅವ್ವ ಕೋಟಿನ ಕಾಲರಿಗೆ ಮೂರು ಬೆರಳು ವಿಭೂತಿ ಎಳೆದು, ತಾನೇ ಒಳಗೆ ಒಯ್ದು, ನಡುಮನೆಯ ಕಬ್ಬಿಣದ ಕಪಾಟಾದ ತಿಜೋರಿಯಲ್ಲಿ ತನ್ನ ಮದುವೆಯ ಸೀರೆಯ ಪಕ್ಕಕ್ಕೆ ತೂಗುಹಾಕಿದಳು. ಇಂಥ ಬುದ್ಧಿ ನಿನಗೆ ಎಲ್ಲಿಂದ ಬಂತು ಎಂದು ಕೇಳಿದಳು. ಹಾಗೇ ಹೊಳೆಯಿತು ಎಂದೆ. ಯಾಕೆ ಹಾಗೆ ಹೇಳಿದೆನೋ, ಹೇಳಿಬಿಟ್ಟೆ.

ಹದಿನೈದು ದಿನ ಕಳೆದಿರಬಹುದು. ಒಂದು ಭಾನುವಾರ ಬೆಳಿಗ್ಗೆ ಕೋಟು ಹೊಲಿದವರೇ ಮನೆಗೆ ಬಂದರು. ಕೋಟಿನಿಂದ ಕತ್ತರಿಸಿದ ಚರ್ಮ ಉಳಿದಿತ್ತು, ಅದು ಗಿರಾಕಿಯ ಮಾಲು ಎಂದು ತಂದಿದ್ದರು. ಸುಮ್ಮನೆ ತಂದಿರಲಿಲ್ಲ, ಅದರಲ್ಲಿ ನನ್ನ ಸಿರಿಂಜುಗಳಿಗೆ ಒಂದು ಚೀಲ ಹೊಲಿದಿದ್ದರು, ಇನ್ನು ಮೇಲೆ ಕೋಟಿನ ಜೇಬಿಗೆ ತುಂಬಬಾರದೆಂದು. ಕಟ್ಟೆಯ ತುದಿಗೆ ಕುಳಿತರು. ಅವ್ವ ಚಹಾ ತಂದು ಅವರ ಪಕ್ಕಕ್ಕಿಟ್ಟಳು. ಕೋಟಿನ ಹೆಗಲು ಹೇಗಿದೆ, ತೂಗುಹಾಕಿದ್ದು ಸರಿಯಾಗಿದೆಯೇ ನೋಡಬೇಕು ಎಂದು ಅವರು ಕೇಳಿದರು. ತೂಗುಹಾಕಿದ್ದು ತಿಜೋರಿಯಲ್ಲಿ, ತಿಜೋರಿ ನಡುಮನೆಯಲ್ಲಿ. ನಾನು ಒಳಗೆ ಹೋಗಿ, ಕೋಟನ್ನು ಹ್ಯಾಂಗರ್ ಸಮೇತ ಎತ್ತಿಕೊಂಡು ಹೊರಗೆ ತಂದು ತೋರಿಸಿದೆ.

ಅವರು ಹೆಗಲು ಒತ್ತಿ ನೋಡಿದರು. ಕಾಲರಿನ ವಿಭೂತಿಯನ್ನೂ ನೋಡಿದರು. ಅವ್ವನಿಗೆ ಮಾತಿನ ಹುರುಪು ಬಂತು.

"ತಬಲಾ ಒಳಗ ಬರ್ತೈತಿ, ಕೋಟ್ ಯಾಕ ಬರಬಾರದು ಅಂತ ಕೇಳಿದ ನೋಡಪಾ ನನ್ನ ಮಗಾ. ನನಗ ಉತ್ತರಾನ ಹೊಳಿಲಿಲ್ಲ."

ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ಬಹಳ ಹೊತ್ತೇನೂ ಅಲ್ಲ.

"ಶ್ಯಾಣ್ಯಾ ಅದಾರ್ರಿ ಸಾಹೇಬ್ರು," ಎಂದು ಅವ್ವನಿಗೆ ಹೇಳಿ, ಚಹಾದ ಕಪ್ಪು ಎತ್ತಿಕೊಂಡರು.

ನನಗೆ ಕಿವಿಯ ತನಕ ಬಿಸಿಯಾಯಿತು. ನಾಚಿಕೆ ಎಂಬುದು ಆ ವಯಸ್ಸಿನಲ್ಲಿ ಅಷ್ಟು ಜೋರಾಗಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಒಂದು ಕೋಟನ್ನು ಹೊಸ್ತಿಲು ದಾಟಿಸಲು ನಾನು ಅವ್ವನ ಜೊತೆ, ಹೆಂಡತಿಯ ಜೊತೆ ಎರಡು ತಿಂಗಳು ವಾದ ಮಾಡಿದ್ದೆ, ಮಾತು ಅಯ್ಯನವರ ತನಕ ಹೋಗಿತ್ತು. ಆ ಮನುಷ್ಯನಿಗಾಗಿ ಒಂದು ಮಾತೂ ಆಡಿರಲಿಲ್ಲ, ಆಡಬೇಕೆಂದು ಹೊಳೆದೂ ಇರಲಿಲ್ಲ. ಈಗ ಹೊಳೆದಿತ್ತು. ಒಳಗ ಬರ್ರಿ ಎಂದರೆ ಮುಗಿಯಿತು. ಕೆಮ್ಮುವ ಮೇಕೆ ಹಿಡಿದುಕೊಂಡು ಬಂದವರಿಗೆಲ್ಲ ದಿನಾ ಹೇಳುವ ಮಾತು ಅದು. ನಾನು ಅವ್ವನ ಕಡೆ ನೋಡಿದೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ನೋಡಿದೆ. ಆಮೇಲೆ ಸಿರಿಂಜಿನ ಚೀಲವನ್ನು ಎತ್ತಿಕೊಂಡು ಅದರ ಹೊಲಿಗೆ ನೋಡತೊಡಗಿದೆ.

ಬಿಸಿಲು ಕಟ್ಟೆಗೆ ಏರುತ್ತಿತ್ತು. ಅವರು ಒಂದು ಕೈಯನ್ನು ಹಣೆಗೆ ಅಡ್ಡ ಹಿಡಿದುಕೊಂಡು, ಇನ್ನೊಂದು ಕೈಯಿಂದ ಕೋಟನ್ನು ನನ್ನ ಕಡೆ ಚಾಚಿದರು.

"ಒಳಗ ಒಯ್ದು ಇಡ್ರಿ ಸಾಹೇಬ್ರ. ಬಿಸಲ ಬರಾಕತ್ತೈತಿ."

ಕೋಟನ್ನು ಎತ್ತಿಕೊಂಡು ನಾನೊಬ್ಬನೇ ಒಳಗೆ ಹೋದೆ.