ಮೂರನೇ ಸಲ ಒರೆಸಿದ ಗಾಜು

ಕಿಟಕಿ ಗಾಜು ಒರೆಸುವುದೂ ಒಂದು ಕಸುಬೇ ಎಂದು ಹಿಂದೂಪುರದಲ್ಲಿ ನಗುವವರು ಈಗಲೂ ಇದ್ದಾರೆ. ಅವರು ಕದಿರಣ್ಣ ಕೆಲಸ ಮಾಡುವುದನ್ನು ನೋಡಿಲ್ಲ, ಅಷ್ಟೇ. ಇಪ್ಪತ್ತು ವರ್ಷ ರೇಷ್ಮೆ ಸೀರೆ ನೇಯ್ದವನು. ಮಗ್ಗ ನಿಂತ ಮೇಲೆ ಊರಾಚೆಯ ಕಾರ್ಖಾನೆಯೊಂದರ ಕಚೇರಿಯಲ್ಲಿ ಗಾಜು ತೊಳೆಯಲು ಸೇರಿ, ಅಲ್ಲಿ ಕಲಿತದ್ದನ್ನು ಮನೆಗಳಿಗೆ ತಂದ. ಹರಿದ ಎಳೆ ಹುಡುಕಿ ಪಳಗಿದ ಕಣ್ಣು ಅವನದು. ಗಾಜಿನ ಮೇಲೆ ಒಂದು ಗೆರೆ ಉಳಿದರೂ ಅನ್ನ ಸೇರುತ್ತಿರಲಿಲ್ಲ.

ಅವನ ಕಟ್ಟುಪಾಡುಗಳು ಮನೆಯವರಿಗೆ ತಲೆನೋವು. ಬಿಸಿಲು ಬಿದ್ದ ಗಾಜನ್ನು ಮುಟ್ಟುವುದಿಲ್ಲ, ಸೋಪಿನ ನೀರು ಒರೆಸುವ ಮೊದಲೇ ಆರಿ ಕಲೆ ಕಟ್ಟುತ್ತದೆ. ಸಿಮೆಂಟಿನ ಹನಿ ಅಂಟಿದ್ದರೆ ಚೆನ್ನಾಗಿ ನೆನೆಸದೆ ಬ್ಲೇಡು ಆಡಿಸುವುದಿಲ್ಲ. ನೀರು ಹಚ್ಚುವ ಮೊದಲು ಮನೆಯವರನ್ನು ಕರೆದು ಹಳೆಯ ಗೀರುಗಳನ್ನೆಲ್ಲ ತೋರಿಸುತ್ತಾನೆ, ಆಮೇಲೆ ಮಾತು ಬರಬಾರದಲ್ಲ. ಕೊನೆಯ ನೀರಿಗಂತೂ ಕುಡಿಯುವ ನೀರಿನ ಕ್ಯಾನೇ ಬೇಕು. ಇದಕ್ಕೆ ಎಷ್ಟೋ ಹೆಂಗಸರು ಅವನ ಮೇಲೆ ಹರಿಹಾಯ್ದಿದ್ದಾರೆ.

"ಬೋರಿನ ನೀರು ಆರಿದ್ರೆ ಬಿಳೀ ಕಲೆ ಕೂತ್ಕೊಂಬುಡ್ತದೆ ಕಣಮ್ಮ. ಆಮ್ಯಾಕೆ ನಾನಲ್ಲ, ಯಾರು ಬಂದ್ರೂ ಹೋಗಾಕಿಲ್ಲ" ಎನ್ನುತ್ತಿದ್ದ.

ತಿಂಗಳಿಗೊಮ್ಮೆ ಕಲ್ಯಾಣದುರ್ಗಕ್ಕೆ ತಂಗಿಯ ಮನೆಗೆ ಹೋದಾಗ ಅಲ್ಲೂ ನಾಲ್ಕಾರು ಮನೆಗಳ ಕೆಲಸ ಸಿಗುತ್ತಿತ್ತು. ಎಲ್ಲವೂ ಬಾಯಿಂದ ಬಾಯಿಗೆ ಹರಡಿ ಬಂದದ್ದು. ಹೀಗೆ ಸಿಕ್ಕಿದ್ದು ಬೀಜದಂಗಡಿಯ ಚಂದ್ರಮೋಹನನ ಮನೆ. ಅಲ್ಲಿ ಅವನ ಹೆಂಡತಿ ರೇವತಿ, ಎಪ್ಪತ್ತು ದಾಟಿದ ತಾಯಿ ನರಸಕ್ಕ. ನರಸಕ್ಕನ ಮಂಚ ರಸ್ತೆ ಕಡೆಯ ಕಿಟಕಿಗೆ ಒತ್ತಿಕೊಂಡಿತ್ತು.

ಆ ಒಂದು ಕಿಟಕಿಯಿಂದಲೇ ಕದಿರಣ್ಣನ ಹೆಸರು ಕೆಡತೊಡಗಿತು. ಗಾಜು ಮಬ್ಬಾಗಿದೆ ಎಂದು ನರಸಕ್ಕ ದೂರಿದಳು. ಅವನು ಮತ್ತೆ ಹೋಗಿ ಒರೆಸಿದ. ಮುಂದಿನ ತಿಂಗಳು ಅದೇ ದೂರು. ಮೂರನೇ ಸಲ ಕರೆಸಿದಾಗ ಚಂದ್ರಮೋಹನ ಬಾಗಿಲಲ್ಲೇ ತಡೆದ.

"ಏಮಯ್ಯಾ, ನಮ್ಮವ್ವ ಸುಳ್ಳು ಹೇಳ್ತಾಳಾ? ಇವತ್ತೂ ಹಿಂಗೇ ಮಾಡ್ಬುಟ್ರೆ ಈ ಬೀದಿನಾಗೆ ನಿನ್ನ ಯಾರೂ ಕರೆಯಾಕಿಲ್ಲ" ಎಂದು ಬೈದು ಅಂಗಡಿಗೆ ಹೋದ.

ಕೆಟ್ಟ ಕೆಲಸಗಾರ ಎನ್ನಿಸಿಕೊಂಡು ಬದುಕುವುದು ಕದಿರಣ್ಣನಿಗೆ ಗೊತ್ತಿರಲಿಲ್ಲ. ಸರಿಸುವ ಗಾಜನ್ನು ಎತ್ತಿ ಚೌಕಟ್ಟಿನ ಹಳಿಯಿಂದ ಬಿಡಿಸಿದ, ಅಂಗಳಕ್ಕೆ ಒಯ್ದು ಬೆಳಕಿಗೆ ಹಿಡಿದು ಎರಡೂ ಕಡೆ ನೋಡಿದ. ಒಂದು ಚುಕ್ಕೆಯೂ ಇಲ್ಲ. ಅದನ್ನು ಗೋಡೆಗೆ ಒರಗಿಸಿ, ಹಳಿಯ ಧೂಳು ತೆಗೆಯಲು ಒಳಗೆ ಬಂದ.

ಹೆಜ್ಜೆ ಸದ್ದಿಗೆ ನರಸಕ್ಕ ತಿರುಗಿದಳು. "ನೋಡು ನಾಯ್ನಾ, ಇನ್ನೂ ಹಂಗೇ ಐತೆ. ಇಲ್ಲೇ, ಈ ಮೂಲೆನಾಗೆ" ಎಂದು ಮಬ್ಬು ತೋರಿಸಲು ಕೈ ಚಾಚಿದಳು. ಕೈಗೆ ಗಾಜು ಸಿಗಲಿಲ್ಲ. ಆಚೆಯ ಕಬ್ಬಿಣದ ಕಂಬಿ ಸಿಕ್ಕಿತು.

ಮುದುಕಿ ಕಂಬಿಯನ್ನು ಹಾಗೇ ಹಿಡಿದುಕೊಂಡಳು. "ಗಾಜೆಲ್ಲಿ?" ಎಂದು ಮೆಲ್ಲಗೆ ಕೇಳಿದಳು.

"ತೆಗ್ದಿವ್ನಿ ಅವ್ವ. ಅಂಗಳದಾಗೈತೆ."

ಅವಳು ಕಂಬಿ ಬಿಟ್ಟು, ತಡಕಾಡಿ ಅವನ ಮುಂಗೈ ಹಿಡಿದಳು. "ನಂಗೊತ್ತು ಕಣಪ್ಪ, ನಿನ್ನ ಗಾಜು ಚೆಂದಾಗೈತೆ. ಕಣ್ಣು ಮಬ್ಬಾಗಿದ್ದನ್ನ ಗಾಜಿನ ಮ್ಯಾಲೆ ಹಾಕಿದ್ದೆ, ಇವರಿಗೆ ಮಾತ್ರ ಹೇಳ್ಬ್ಯಾಡ. ಗೊತ್ತಾದ್ರೆ ನನ್ನ ಒಲೆ ಮುಂದಕ್ಕೂ ಬಿಡಾಕಿಲ್ಲ, ಹೊರಕ್ಕೂ ಬಿಡಾಕಿಲ್ಲ. ನಿಂದೇ ತಪ್ಪು ಅಂತ ಒಪ್ಕೊಂಡು ಹೋಗ್ಬುಡು."

ಕದಿರಣ್ಣನ ಅಪ್ಪ ಮುನೆಪ್ಪನೂ ಹೀಗೇ ಮುಚ್ಚಿಟ್ಟಿದ್ದ. ಅಪ್ಪ ನೇಯ್ದ ಸೀರೆಗಳಲ್ಲಿ ಎಳೆ ತಪ್ಪತೊಡಗಿದಾಗ ಕದಿರಣ್ಣನೇ ನಾಲ್ಕು ಜನರ ಮುಂದೆ ಗದರಿದ್ದ: ಕೆಲಸದ ಮೇಲೆ ಗಮನವಿಲ್ಲ, ಕಳ್ಳಬುದ್ಧಿ ಬಂದಿದೆ ಎಂದು. ಅಪ್ಪ ಎಲ್ಲವನ್ನೂ ನುಂಗಿಕೊಂಡ. ಕಣ್ಣಿನ ಡಾಕ್ಟರ ಬಳಿ ಕರೆದೊಯ್ದಾಗ, ಒಂದು ವರ್ಷ ಮೊದಲೇ ಬರಬಾರದಿತ್ತೇ ಎಂದರು. ಅಲ್ಲಿಂದಾಚೆ ಮುನೆಪ್ಪ ಆರು ವರ್ಷ ಗೋಡೆ ಹಿಡಿದು ನಡೆದ. ಆ ಗದರಿದ ಮಾತಿಗೆ ಕದಿರಣ್ಣ ತನ್ನನ್ನು ಎಂದೂ ಕ್ಷಮಿಸಿಕೊಂಡಿಲ್ಲ.

ತಪ್ಪು ಹೊತ್ತುಕೊಂಡು ಹೋಗುವುದು ಸುಲಭವಿತ್ತು. ಕಳೆದುಕೊಳ್ಳುವುದು ಒಂದು ಬೀದಿಯ ಕೆಲಸ, ಅಷ್ಟೇ ತಾನೆ? ಆದರೆ ಮುದುಕಿಯ ಕಣ್ಣಿಗೆ ಎಷ್ಟು ದಿನ ಉಳಿದಿದೆಯೋ ಯಾರಿಗೆ ಗೊತ್ತು.

"ಆಗಾಕಿಲ್ಲ ಅವ್ವ," ಎಂದ. "ಬೈದ್ರೆ ಬೈಯ್ಯಿ. ನಾನು ಹೇಳೇ ಹೋಯ್ತೀನಿ."

ಅವಳು ಬೈಯಲಿಲ್ಲ. ಕೈ ಮಾತ್ರ ಬಿಡಲಿಲ್ಲ.

ಕದಿರಣ್ಣ ನಿಂತಲ್ಲಿಂದಲೇ ರೇವತಿಯನ್ನು ಕೂಗಿದ. ಅವಳು ಕೈ ಒರೆಸಿಕೊಳ್ಳುತ್ತಾ ಬಂದು ಮಂಚದ ಮುಂದೆ ನಿಂತಳು.

"ಗಾಜು ತೆಗ್ದು ಹೊರಗಿಟ್ಟಿವ್ನಿ ಕಣಮ್ಮ. ಆದ್ರೂ ಅವ್ವಂಗೆ ಮಬ್ಬೇ ಕಾಣ್ತೈತೆ. ಇವತ್ತೇ ಕಣ್ಣಿನ ಆಸ್ಪತ್ರೆಗೆ ಕರ್ಕೊಂಡೋಗ್ರಿ, ನಾಳೆ ಅನ್ಬ್ಯಾಡ್ರಿ" ಎಂದ.

ರೇವತಿ ಗಾಜಿಲ್ಲದ ಕಿಟಕಿಯನ್ನು ನೋಡಿದಳು, ಅತ್ತೆಯ ಮುಖ ನೋಡಿದಳು. ಅಳು ಒತ್ತರಿಸಿ ಬಂದು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಉತ್ತರ ಕೇಳಿಸದೆ ನರಸಕ್ಕ, ಎದುರಿಗೇ ನಿಂತ ಸೊಸೆಯನ್ನು ದಾಟಿ, ಕಿಟಕಿಯ ಕಡೆಯಿಂದ ಬಾಗಿಲ ಕಡೆಗೆ ಮುಖ ಹೊರಳಿಸಿದಳು.

"ರೇವತಿ ಬಂದ್ಲಾ ನಾಯ್ನಾ?" ಎಂದು ಕೇಳಿದಳು.